ಗುಳ್ಳೆ

ಡಾಕ್ಟರು ಮತ್ತೆ ಕಾರು ತಂದಿದ್ದಾರೆ, ಶೂ ಡಬ್ಬಿಯಲ್ಲಿ ಮಲಗಿಸಿ,
ಜ್ವರ ಬಂದ ಬೆಕ್ಕಿನಮರಿ ತಂದ ಹಾಗೆ.
‘ಚಿಕ್ಕಲಿಂಗಯ್ಯನವರೇ, ರಿಮೋಟಿಂದ ಬೆರಳು ತೆಗೆದ್ರೂ
ಕೂಗ್ತಾನೇ ಇರ್ತದೆ, ಇಳಿಯಲ್ಲ.’
ಹಲ್ಲಿನ ಡಾಕ್ಟರು. ಗುತ್ತಲು ರಸ್ತೆಯಲ್ಲಿ ಕ್ಲಿನಿಕ್ಕು.
ಅರ್ಧ ಮಂಡ್ಯದ ದವಡೆ ಬಲ್ಲ ಕೈ
ಎರಡು ವಾರದಿಂದ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ತಿರುಗಿಸಿ
ಅದರ ತಲೆ ಸವೆಸಿಟ್ಟಿದೆ.

ಸ್ಕ್ರೂ ಮುಟ್ಟಬೇಡಿ ಸ್ವಾಮಿ. ಮೊದಲು ಪೈಪು ನೋಡಿ.

ಮೂವತ್ತೊಂದು ವರ್ಷ ಡಿಪೋದಲ್ಲಿ ನಾನು ನೋಡಿದ್ದು ಅದನ್ನೇ.
ಬೆಳಗಿನ ಐದೂಕಾಲರ ಮಳವಳ್ಳಿ ಗಾಡಿ
ಸ್ಟಾರ್ಟ್ ಆಗಿ, ಗೇಟು ದಾಟಿ, ಕೆಮ್ಮಿ, ನಿಂತರೆ
ಎಲ್ಲರೂ ಎಂಜಿನ್ನಿಗೇ ಬೈಯೋರು.
ನಾನು ಡೀಸೆಲ್ ಲೈನಿನ ನಟ್ಟು ಅರ್ಧ ಸುತ್ತು ಸಡಿಲಿಸಿ
ಹೆಬ್ಬೆರಳಲ್ಲಿ ಪಂಪು ಒತ್ತುತ್ತ ಕೂರುತ್ತಿದ್ದೆ.
ನೊರೆ, ನೊರೆ, ನೊರೆ, ಆಮೇಲೆ ಗುಳ್ಳೆ,
ಆಮೇಲೆ ಒಂದೇ ಸಮ ಎಣ್ಣೆಯ ಎಳೆ.
ಗಾಳಿ ಹೋಯ್ತು ಅಂತ ಮೊದಲು ಗೊತ್ತಾಗೋದು ಕೈಗೆ, ಕಣ್ಣಿಗಲ್ಲ.

ಇದರ ಪೈಪು ಅಷ್ಟು ದಪ್ಪವಿಲ್ಲ. ತಿಳಿನೀಲಿ,
ಗ್ಲೂಕೋಸ್ ಬಾಟಲಿಯ ನಳಿಕೆಯ ತಂಗಿ.
ಒಂದು ಟ್ಯಾಂಕಿನಿಂದ ಎಂಜಿನ್ನಿಗೆ, ಕುಡಿಸಲು;
ಇನ್ನೊಂದು ಸೈಲೆನ್ಸರಿನಿಂದ ಟ್ಯಾಂಕಿಗೆ, ಹೊಗೆಯಿಂದಲೇ ದಬ್ಬಲು.
ಬಿಟ್ಟ ಉಸಿರನ್ನೂ ದುಡಿಸಿಕೊಳ್ಳುವ ಯಂತ್ರ,
ಮಾಡಿದವನು ಯಾರೋ, ಮಹಾ ಜಿಪುಣ.

ಬಾಯಲ್ಲಿ ಊದುವಂತಿಲ್ಲ, ಈ ಸ್ಪಿರಿಟ್ಟು ವಿಷ.
ಡಾಕ್ಟರ ಸಿರಿಂಜನ್ನೇ ಒಂದು ತುದಿಗೆ ಸಿಕ್ಕಿಸಿ,
ಇನ್ನೊಂದು ತುದಿ ಬೆರಳಲ್ಲಿ ಹಿಂಡಿ,
ನೀರಿನ ಲೋಟದಲ್ಲಿ ಮುಳುಗಿಸಿದೆ.
ಏನಿಲ್ಲ.
ಬಗ್ಗಿಸಿದೆ. ಏನಿಲ್ಲ.
ಡಾಕ್ಟರು ಆಗಲೇ ಮೊಬೈಲಲ್ಲಿ ಹೊಸ ಎಂಜಿನ್ನಿನ ಬೆಲೆ ನೋಡುತ್ತಿದ್ದರು.
ಬಿಸಿ ತಾಗುವ ಕಡೆಯ ತುದಿಯನ್ನು ಕೊಂಚ ತಿರುಚಿದಾಗ
ಸಾಸಿವೆಯಷ್ಟೂ ಅಲ್ಲ, ಸಾಸಿವೆಯ ನೆರಳಿನಷ್ಟು
ಒಂದು ಗುಳ್ಳೆ ಮೇಲೆ ಬಂತು.
ಮತ್ತೊಂದು. ಅದರ ಹಿಂದೆ ಇನ್ನೊಂದು,
ಆತುರವಿಲ್ಲದೆ, ಪಿಂಚಣಿ ಸಾಲಿನಲ್ಲಿ ನಿಂತವರ ಹಾಗೆ.
ಲೋಟದ ನೀರು ನಡುಗಿದ್ದು ಗುಳ್ಳೆಯಿಂದಲ್ಲ;
ಅದನ್ನು ಡಾಕ್ಟರು ನೋಡಲಿಲ್ಲ.

‘ಇಷ್ಟಕ್ಕೇನಾ?’
ಇಷ್ಟಕ್ಕೇ. ಇದರಲ್ಲಿ ಎಣ್ಣೆ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗ್ತದೆ.
ಹೊರಗೆ ಬರೋ ಸೋರಿಕೆ ನೆಲದ ಮೇಲೆ ಕಾಣ್ತದೆ.
ಒಳಗೆ ಹೋಗೋದು ಕೂಗಿನಲ್ಲಿ ಮಾತ್ರ.

ಬ್ಲೇಡಲ್ಲಿ ಅರ್ಧ ಇಂಚು ಕತ್ತರಿಸಿ ಬಿಸಾಕಿದೆ
(ಇಕ್ಕಳ ಹಾಕಿದರೆ ಬಾಯಿ ಹರಕಲು).
ಹೆಡ್ಡಿಗೆ ತಾಗದಂತೆ, ಎಳೆದು ಬಿಗಿಯದೆ,
ಸಣ್ಣ ಕಮಾನು ಬಿಟ್ಟು ಮತ್ತೆ ಕೂರಿಸಿದೆ.
ಉದ್ದ ಸಾಲದಿದ್ದರೆ ಹೊಸದೇ ಆಗಬೇಕು;
ಹೋದ ವರ್ಷ ಇವರು ಮೀನಿನ ತೊಟ್ಟಿಯ ಪೈಪು ಹಾಕಿ ನೋಡಿದ್ದರು,
ವಾರದಲ್ಲಿ ಒಣಗಿದ ಹುರುಳಿಕಾಯಿ.

ಸ್ವರ್ಣಸಂದ್ರದ ಆಚೆ, ಒಂದೂ ಮನೆ ಏಳದ ಲೇಔಟು.
ಸೈಟು ನಂಬರಿನ ಕಲ್ಲುಗಳ ನಡುವೆ
ಕಾರು ಕಣಜದ ಹಾಗೆ ಹೋಯಿತು, ಬಂತು,
ಬೆರಳು ಬಿಟ್ಟ ಕೂಡಲೇ
ಕೂಗು ಇಳಿಸಿ ಗುರುಗುಟ್ಟುತ್ತ ನಿಂತಿತು.
‘ನೀವೂ ಒಂದು ರೌಂಡು ಬಿಡಿ’ ಅಂತ ರಿಮೋಟು ಚಾಚಿದರು.
ಬೇಡ ಅಂದೆ. ಡಿಪೋದಲ್ಲೂ ನಾನು ಗೇಟು ದಾಟಿಸಿದವನಲ್ಲ.
ಕೈ ಎರಡೂ ಜೇಬಲ್ಲೇ ಇತ್ತು.

ಟ್ಯಾಂಕಿನಲ್ಲಿ ಉಳಿದದ್ದನ್ನು ಸೀಸೆಗೆ ಬಗ್ಗಿಸಿ
ಪೈಪಿನೊಳಗಿನ ಕೊನೆಯ ಹನಿ ಉರಿದು ತೀರುವ ತನಕ
ಎಂಜಿನ್ನು ಬಿಟ್ಟಿದ್ದೆವು. ರಾತ್ರಿ ಒಳಗೇ ಇದ್ದರೆ
ಗಾಳಿಯ ತೇವ ಕುಡಿದು ಕೆಡುತ್ತದೆ, ಡಾಕ್ಟರಿಗೆ ಎಷ್ಟು ಹೇಳಿದರೂ ಮರೆವು.

ಸಾಕಮ್ಮ ಮುದ್ದೆ ಬಡಿಸುತ್ತ ಮೂಗರಳಿಸಿದಳು:
‘ಇವತ್ತು ಶನಿವಾರ ಅಲ್ವಲ್ಲ, ಹರಳೆಣ್ಣೆ ವಾಸ್ನೆ?’
ಆ ಎಂಜಿನ್ನಿಗೂ ಅದೇ ಹಾಕ್ತಾರೆ ಕಣೆ, ಅಂದೆ.
‘ತಲೆ ತಂಪಾಯ್ತಾ ಅದಕ್ಕೆ?’

ಆಯ್ತು.