ಇನ್ನೂರೈವತ್ತು ಪದ ಮೀರದಂತೆ

ಅರ್ಜಿಯ ಏಳನೇ ಪುಟ, ನಾಲ್ಕನೇ ಚೌಕ:
"ಅನುದಾನದ ಅಗತ್ಯವನ್ನು ವಿವರಿಸಿ,
ಇನ್ನೂರೈವತ್ತು ಪದ ಮೀರದಂತೆ."

ಅಬ್ಬಾಸಿಯಾ, ಕುವೈತ್. ಶುಕ್ರವಾರ.
ಬಕಾಲದ ಹಿಂದಿನ ಮರಳ ಬಯಲಲ್ಲಿ
ಕಳೆದ ವರ್ಷ ನಿಮ್ಮದೇ ದುಡ್ಡಿನ ಬಿಳಿ ವ್ಯಾನು.
ಒಳಗೆ ಯಂತ್ರ, ಹೊರಗೆ ತಗಡಿನ ನೆರಳು,
ನೆರಳು ಸರಿದಂತೆ ಸರಿಯುವ ಹೆಂಗಸರ ಸಾಲು.
ವಾರಕ್ಕೊಮ್ಮೆ ಸಿಗುವ ಮೂರು ತಾಸು ರಜೆಯಲ್ಲಿ
ಒಂದು ಊರಿಗೆ ಹಣ ಕಳಿಸಲು, ಒಂದು ಫೋನಿಗೆ,
ಉಳಿದದ್ದನ್ನು ನಮಗೆ ಕೊಟ್ಟಿದ್ದರು.

ನಾನು ದುಭಾಷಿ; ಕೇಳಬೇಕಾದ್ದು ಒಂದೇ ಪ್ರಶ್ನೆ:
"ಎದೆಯಲ್ಲಿ ಗಂಟು ಐತೇನವ್ವಾ?"
ಸಿಂಧನೂರಿನ ಹುಲಿಗೆಮ್ಮ ಬಾಯಿಗೆ ದುಪಟ್ಟಾ ಹಿಡಿದು ನಕ್ಕಳು—
"ಗಂಟಿದ್ದಿದ್ರ ಇಲ್ಲಿಗ್ಯಾಕ ಬರ್ತಿದ್ನಿ, ಯಕ್ಕಾ?"
ಸಾಲಿಗೆ ಸಾಲೇ ನಕ್ಕಿತು, ಕನ್ನಡ ಬಾರದ ಕಡಪದವರೂ.
ಈಜಿಪ್ಟಿನ ಡಾಕ್ಟರಮ್ಮ ಏನಂತೆ ಎಂದಳು.
ಅದಕ್ಕೆ ಅರಬ್ಬಿ ನನ್ನಲ್ಲಿರಲಿಲ್ಲ.

ಇತ್ತು. ಎಡಗಡೆ, ಕಂಕುಳ ಕೆಳಗೆ,
ಖರ್ಜೂರದ ಬೀಜದಷ್ಟು.
ರಂಜಾನಿಗೂ ಮುಂಚಿನಿಂದ ಗೊತ್ತಿತ್ತಂತೆ:
ಮೇಡಂನ ಮಗು ನಿದ್ದೆಗೆ ತಲೆಯಿಟ್ಟಾಗಲೆಲ್ಲ ಒತ್ತುತ್ತಿತ್ತು.
ಮಗುವನ್ನು ಬಲಕ್ಕೆ ಬದಲಿಸಿಕೊಂಡಳು, ಅಷ್ಟೇ.
ಅದು ಎರಡು ರಾತ್ರಿ ರಂಪ ಮಾಡಿ ಒಗ್ಗಿಕೊಂಡಿತು.

ವರದಿಯಲ್ಲಿ ಬರೆದೆವು: ಗುರಿ ಇನ್ನೂರು,
ತಪಾಸಣೆ ಇನ್ನೂರ ಹದಿನಾಲ್ಕು.
ನಿಮ್ಮ ಮೆಚ್ಚುಗೆಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದೇವೆ.
ನೋಡುವುದಕ್ಕೆ ನಿಮ್ಮ ಹಣವಿತ್ತು, ಕಂಡದ್ದಕ್ಕಿರಲಿಲ್ಲ.
ಸೂಜಿ, ಶಸ್ತ್ರ, ಔಷಧಿ— ಅದು ಬೇರೆ ತಲೆಬರಹ ಎಂದೆ.
ಹುಲಿಗೆಮ್ಮ ಹಣೆಬರಹ ಎಂದೇ ಕೇಳಿಸಿಕೊಂಡಳು.

ಮೇಡಂ ಕೆಟ್ಟವಳಲ್ಲ; ಟಿಕೆಟ್ ತೆಗೆಸಿಕೊಟ್ಟಳು,
ಬಾಕಿ ಸಂಬಳಕ್ಕೆ ಇಪ್ಪತ್ತು ದಿನಾರ್ ಸೇರಿಸಿದಳು.
ವಿಮಾನ ನಿಲ್ದಾಣದಲ್ಲಿ ಗಂಟುಮೂಟೆ ತೂಗಿದರು:
ಕಂಬಳಿ, ಹಾಲಿನಪುಡಿ, ಮಗಳಿಗೆ ಹೈಹೀಲ್ಡು ಚಪ್ಪಲಿ,
ಇಪ್ಪತ್ತೊಂಬತ್ತೂವರೆ ಕಿಲೋ.
"ಮೂವತ್ತರೊಳಗೇ ಐತಿ ನೋಡ್ರಿ" ಅಂದಳು, ಗೆದ್ದವಳಂತೆ.
ಕಂಕುಳಲ್ಲಿ ನಮ್ಮ ಲಕೋಟೆ, ಕಪ್ಪು-ಬಿಳುಪು ಚಿತ್ರ;
ಅದನ್ನು ತೂಕಕ್ಕೆ ಹಾಕಲಿಲ್ಲ.

ಹೀಗಾಗಿ ಈ ಸಲ ವ್ಯಾನಿನ ಡೀಸೆಲ್ಲಿಗಷ್ಟೇ ಕೇಳುತ್ತಿಲ್ಲ.
ಸೂಜಿಗೆ ಕೇಳುತ್ತಿದ್ದೇವೆ. ಆಸ್ಪತ್ರೆಯವರೆಗಿನ ಟ್ಯಾಕ್ಸಿಗೆ.
ಅಕಾಮ ಮುಗಿದರೂ ಎಬ್ಬಿಸದ ಒಂದು ಹಾಸಿಗೆಗೆ.
ಫಲಿತಾಂಶವನ್ನು ಅವರವರ ಮಾತಿನಲ್ಲಿ ಹೇಳುವ ಒಬ್ಬಳಿಗೆ
(ನನಗಲ್ಲ, ನಾನು ಪುಕ್ಕಟೆ).
"ಪ್ರತಿ ಫಲಾನುಭವಿಗೆ ತಗಲುವ ವೆಚ್ಚ" ಎಂಬಲ್ಲಿ
ನಮ್ಮ ಲೆಕ್ಕ ದುಬಾರಿಯಾಗಿ ಕಾಣುತ್ತದೆ.
ಕಾಣಲಿ.

ಪಟ್ಟಿಯಲ್ಲಿ ಅವಳ ಸಂಖ್ಯೆ ನೂರಾ ಮೂವತ್ತೇಳು.
ಕೊನೆಯ ಕಲಂ: "ಮುಂದಿನ ಚಿಕಿತ್ಸೆಗೆ ಸೂಚಿಸಲಾಗಿದೆ."
ನಿನ್ನೆ ಸಿಂಧನೂರಿಗೆ ಫೋನು ಮಾಡಿದೆ. ಎತ್ತಿದ್ದು ಮಗಳು.
ಅತ್ತ ಟಿಪ್ಪರುಗಳ ಸದ್ದು, ನಡುನಡುವೆ ಅವಳ ಮಾತು.
ಹೇಳಿದ್ದನ್ನು ಬರೆಯೋಣವೆಂದರೆ
ಚೌಕದ ಮೂಲೆಯಲ್ಲಿ ಕೆಂಪಗೆ ಹೊತ್ತಿಕೊಂಡಿದೆ:
ಉಳಿದ ಪದ, ಸೊನ್ನೆ.