ರೀಡಿಂಗ್

ಕುತೈಸಿಯ ಹಸಿರು ಬಜಾರಿನ ಹಿಂದೆ
ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಕೀಲಿಕೈ ನಕಲು
ಮೂರಕ್ಕೂ ಒಂದೇ ಬೋರ್ಡು, ನನ್ನ ಅಂಗಡಿ.
ಕರೆಂಟು ಬಂದು ಹೋಗಿ ಆಟ ಆಡುವ ಮಂಗಳವಾರ
ತ್ಸಿಯುರಿ ಬಂದಳು. ಕೋಟಿನ ಒಳಜೇಬಿನಿಂದ
ನಾಲ್ಕು ಮಡಿಕೆಯ ಕರವಸ್ತ್ರ ತೆಗೆದು ಬಿಚ್ಚಿದಳು.
ಒಳಗೆ ಅಂಚೆಚೀಟಿಯಷ್ಟು ಒಂದು ಕಾರ್ಡು.

"ಜುಂಬೇರನ ಕ್ಯಾಮೆರಾದ್ದು. ಕ್ಯಾಮೆರಾ ಸತ್ತಿದೆ.
ಇದಕ್ಕೆ ಜೀವ ಇದೆಯೋ ನೋಡು."

ನನ್ನ ಕಾರ್ಡ್ ರೀಡರಿಗೂ ವಯಸ್ಸಾಗಿದೆ.
ಒಂದು ಬದಿ ಬಿರುಕು, ಅದಕ್ಕೆ ಹಳದಿ ಟೇಪು;
ವೈರನ್ನು ಒಂದು ಓರೆಗೆ ಬಗ್ಗಿಸಿ
ಮೇಲೆ ಸ್ಟೇಪ್ಲರ್ ಹೇರಿದರಷ್ಟೇ ದೀಪ ಹತ್ತೀತು.
ತಳ್ಳಿದೆ. ಹತ್ತಿತು, ಮಿಣುಕಿತು, ಆರಿತು.
ತೆರೆಯ ಮೇಲೆ ಪ್ರಶ್ನೆ:
ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?

"ಏನಂತೆ ಅದರದು?"
"ಎಲ್ಲ ಒರೆಸಿ ಹೊಸದಾಗಿ ಶುರುಮಾಡಲಾ ಅಂತ."
"ಎರಡು ವರ್ಷದಿಂದ ನನ್ನ ತಂಗಿಯೂ ಅದನ್ನೇ ಹೇಳ್ತಾಳೆ.
ಬೇಡ ಅನ್ನು."

ಬೇಡ ಅಂದೆ. ಹೊರಗೆಳೆದು
ಬಂಗಾರ ಬಣ್ಣದ ಸಣ್ಣ ಹಲ್ಲುಗಳನ್ನು
ಮಗಳ ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ.
ಊದಲಿಲ್ಲ. ಉಸಿರಲ್ಲಿ ತೇವ ಇರುತ್ತದೆ.
ಮತ್ತೆ ತಳ್ಳಿದೆ.

ಬಂದವು. ಇನ್ನೂರ ಹದಿನಾಲ್ಕು.
ಮದುವೆಯಿಲ್ಲ, ಬಟೂಮಿಯ ಕಡಲಿಲ್ಲ,
ಮೇಜಿನ ಸುತ್ತ ಲೋಟ ಎತ್ತಿದವರಿಲ್ಲ.
ಕರೆಂಟ್ ಮೀಟರುಗಳು!
ಮೆಟ್ಟಿಲ ಕೆಳಗಿನವು, ಕೋಳಿಗೂಡಿನ ಪಕ್ಕದವು,
ಜೇಡ ಸಂಸಾರ ಹೂಡಿದವು,
ಒಂದರ ಮುಂದೆ ಹಲ್ಲು ಕಿರಿದ ಕಂದು ನಾಯಿ.

ಅವಳು ನಕ್ಕಳು. "ಇವನೇ ಇವನು.
ಇಷ್ಟು ಉರಿಸಿಲ್ಲ ಅಂತ ಜನ ಜಗಳ ತೆಗೀತಿದ್ರು,
ಅದಕ್ಕೇ ಸ್ವಂತ ದುಡ್ಡಲ್ಲಿ ಕ್ಯಾಮೆರಾ ತಗೊಂಡ."

ಮನೆಮನೆ ಅಲೆದು ಅವನು ಓದಿದ್ದನ್ನು
ಟೇಪು ಸುತ್ತಿದ ಈ ಡಬ್ಬಿ ಕೂತಲ್ಲೇ ಓದುತ್ತಿತ್ತು.
ಹಸಿರು ಗೆರೆ ತೆವಳಿತು, ನಿಂತಿತು, ತೆವಳಿತು.
ಆಗ ನೋಡಿದೆ: ಪ್ರತಿ ಮೀಟರಿನ ಗಾಜಿನಲ್ಲೂ
ಫ್ಲ್ಯಾಶಿನ ಬಿಳಿ ಚುಕ್ಕೆ, ಅದರಾಚೆ
ಉಣ್ಣೆಯ ಟೋಪಿ, ಅರ್ಧ ಕಿವಿ, ಎತ್ತಿದ ಮೊಣಕೈ.
ಹೇಳಲೋ ಬೇಡವೋ ಅಂದುಕೊಳ್ಳುವಷ್ಟರಲ್ಲಿ
ಅವಳ ಬೆರಳು ತೆರೆಗೆ ತಾಗಿಯೇ ಇತ್ತು.

"ನಿಲ್ಲಿಸು. ಇದು ನಮ್ಮನೆಯದು."
ಗಾಜಿನಲ್ಲಿ ಟೋಪಿ. ಟೋಪಿಯ ಹಿಂದೆ
ಒಗೆದ ಬಟ್ಟೆ ಹಿಂಡುತ್ತ ಒಂದು ಜೋಡಿ ಕೈ,
ಮುಖಕ್ಕೆ ಜಾಗ ಸಾಕಾಗಿರಲಿಲ್ಲ.
ಅವಳು ಅಂಕಿಯನ್ನಷ್ಟೇ ಓದಿದಳು, ಬಾಯಿಬಿಟ್ಟು,
ಸೊನ್ನೆಯನ್ನೂ ಬಿಡದೆ.
"ಒಂದು ಯೂನಿಟ್ಟೂ ಕಡಿಮೆ ಬರೀಲಿಲ್ಲ, ಮಹಾರಾಯ.
ಆ ಚಳಿಗಾಲ ಹೀಟರ್ ಆರಿಸಿ ಮಲಗಿದ್ವಿ."

ಎಲ್ಲ ಪೆನ್‌ಡ್ರೈವಿಗೆ ಇಳಿಸಿದೆ. ಪ್ರಿಂಟು?
"ನಾಯಿದೊಂದು ಹಾಕು, ಸಾಕು."

ಕಾರ್ಡಿನ ಅಂಚಿನ ಬಿಳಿ ಕೀಲು ತೋರಿಸಿದೆ:
ಕೆಳಗೆ ಸರಿಸಿದರೆ ಬೀಗ, ಕೈತಪ್ಪಿಯೂ ಅಳಿಸಲಾಗದು.
"ಇಷ್ಟು ಚಿಕ್ಕ ಬೀಗವೂ ಉಂಟೇ!"
ಉಗುರಿನಿಂದ ಸರಿಸಿದಳು. ತೆಗೆದಳು. ಸರಿಸಿದಳು.

ದುಡ್ಡು ಬೇಡವೆಂದೆ; ಹಿಡಿ ಆಕ್ರೋಟು ಸುರಿದು ಹೋದಳು.
ಹತ್ತು ನಿಮಿಷಕ್ಕೆ ಕರೆಂಟೂ ಹೋಯಿತು.
ಕತ್ತಲಲ್ಲಿ ಎದ್ದು, ಯಾಕೋ,
ಬಾಗಿಲ ಪಕ್ಕದ ನನ್ನ ಮೀಟರಿನ ಗಾಜು ಒರೆಸಿದೆ.