ರಸೀದಿ ಪುಸ್ತಕ ನಾಲ್ಕು

ಬರೆಯುವುದು ನನ್ನ ಕೆಲಸ, ಎಣಿಸುವುದು ಬೊಳ್ಳಮ್ಮನದು.
ಸಿದ್ದಾಪುರದ ಸಂತೆ ದಿನ, ಬಸ್‌ಸ್ಟ್ಯಾಂಡಿನ ಬದಿಗೆ
ಒಂದು ಮೇಜು, ಕಾರ್ಬನ್ ಹಾಳೆ, ಅದು ಹಾರದಿರಲೆಂದು
ಬಂಗಲೆಯ ಮಾಡಿನಿಂದಲೇ ಬಿದ್ದ ಹೆಂಚಿನ ಚೂರು.

ದೊರೆ ಕಟ್ಟಿಸಿದ್ದು. ಕುದುರೆಗೊಂದು ಲಾಯ, ನಾಯಿಗೊಂದು ಗೋರಿ.
ಅವನು ಹಡಗು ಹತ್ತಿದ ಮೇಲೆ ನಲವತ್ತು ವರ್ಷ
ನಮ್ಮ ಹೆರಿಗೆ ಆಸ್ಪತ್ರೆ.
ಬಿಲಿಯರ್ಡ್ಸ್ ಆಡುತ್ತಿದ್ದ ಕೋಣೆಯಲ್ಲೇ
ಊರಿನ ಅರ್ಧ ಜನ ಮೊದಲ ಸಲ ಅತ್ತದ್ದು.
ಪುತ್ತರಿಯೊಳಗೆ ಮಾಡು ನಿಲ್ಲಿಸಿದರೆ ಊರಿಗೆ,
ಇಲ್ಲದಿದ್ದರೆ ರೆಸಾರ್ಟಿಗೆ.

"ಕೋಣೆ ಮೂರು, ಕಿಟಕಿ ಪಕ್ಕ ಅಂತ ಬರಿ" ಎಂದರು ಮೊಯ್ದು ಕಾಕ,
ಹುಟ್ಟುವಾಗ ಕಣ್ಣಾರೆ ನೋಡಿದವರ ಹಾಗೆ. ಐನೂರು.
ಹಾಕಿ ಮೈದಾನದಲ್ಲಿ ಕಡಂಬುಟ್ಟು ಮಾರಿದ ಹುಡುಗಿಯರದು
ಹನ್ನೊಂದು ಸಾವಿರ, ನೋಟಿಗೆಲ್ಲ ಪಂದಿಕರಿಯ ಘಮ.
ಲಾರಿ ಸೆಲ್ವ ದುಡ್ಡು ಕೊಡಲಿಲ್ಲ,
ಎರಡು ಮೂಟೆ ರೋಬಸ್ಟಾ ಇಳಿಸಿದ:
"ನನ್ನ ಹೆರೋಕೆ ಅಮ್ಮ ಕೊಯ್ಲು ಬಿಟ್ಟು ಬಂದಳಲ್ಲ,
ಆ ದಿನದ್ದು."
ರೂಪಾಯಿ ಎಂಬುದನ್ನು ಹೊಡೆದು ಕಿಲೋ ಎಂದು ಬರೆದೆ.

"ಬಿಳಿಯನ ಮನೆಗೆ ನಾವ್ಯಾಕೆ ಕೊಡಬೇಕು?" ಎಂದ ಒಬ್ಬ.
ನ್ಯಾಯವಾದ ಪ್ರಶ್ನೆ. ನನ್ನಲ್ಲಿ ಉತ್ತರ ಇರಲಿಲ್ಲ.
"ನೀನು ಹುಟ್ಟಿದ್ದೆಲ್ಲಿ?" ಕೇಳಿದಳು ಬೊಳ್ಳಮ್ಮ.
"ಮಡಿಕೇರಿ."
"ಹಾಗಾದರೆ ನಿನಗೆ ಮಾಫಿ, ಹೋಗು."

ಮೇಜು ಮಡಚುವ ಹೊತ್ತಿಗೆ ಲೈನ್‌ಮನೆಯ ಕರ್ಪಿ.
ಸೆರಗಿನ ಗಂಟಿನಿಂದ ಹತ್ತರ ಎರಡು ನೋಟು.
"ನನ್ನ ಹೆಸರಿಗಲ್ಲ."
ಮತ್ತೆ ಯಾರ ಹೆಸರಿಗೆ?
"ಅಲ್ಲಿ ಬೆಳಿಗ್ಗೆ ಬಂತು. ದೀಪ ಹಚ್ಚೋದರೊಳಗೆ ಹೋಯ್ತು.
ಹೆಸರು ಇಡಲಿಲ್ಲ."

ಹೆಸರಿನ ಗೆರೆ ಖಾಲಿ ಬಿಡುವಂತಿಲ್ಲ, ಆಡಿಟ್ ಒಪ್ಪುವುದಿಲ್ಲ.
ಗಂಡೋ ಹೆಣ್ಣೋ ಎಂದುಬಿಟ್ಟೆ. ಕೇಳಬಾರದಿತ್ತು.
"ಹೆಣ್ಣು," ಎಂದಳು. "ತಲೆ ತುಂಬ ಕೂದಲು."

ಬರೆದೆ: ಕರ್ಪಿಯ ಮಗಳು. ಇಪ್ಪತ್ತು ರೂಪಾಯಿ ಮಾತ್ರ.
ಈ ತಿಂಗಳು ಎಷ್ಟು ಸಲ ಬರೆದ ಪದ.
'ಮಾತ್ರ' ಹೊಡೆದು ಹಾಕಿದೆ,
ಕಾರ್ಬನ್ನಿನ ಕೆಳಗೂ ಬೀಳುವಷ್ಟು ಒತ್ತಿ.
ಯಾವುದು ಅವಳು, ಎಂದು ಕೇಳಿದಳು ಕರ್ಪಿ.
ತೋರಿಸಿದೆ. ಅಕ್ಷರದ ಮೇಲೆ ಬೆರಳಿಟ್ಟಳು,
ಬೆರಳಿಗೆ ನೀಲಿ ಹತ್ತಿತು.

ಲೆಕ್ಕ ಅರ್ಧಕ್ಕೂ ಮುಟ್ಟಿಲ್ಲ.
"ಇಷ್ಟರಲ್ಲಿ ಒಂದೇ ಕೋಣೆಗೆ ಹೆಂಚು,"
ಮೇಸ್ತ್ರಿ ರಾಘು ಬಂದು ನಿಂತ, "ಯಾವುದಕ್ಕೆ?"
ಬೊಳ್ಳಮ್ಮ ತಲೆ ಎತ್ತಲಿಲ್ಲ, ನೋಟು ಎಣಿಸುತ್ತಲೇ
"ಮೂರು" ಎಂದಳು.
ಅವನು ಟೇಪು ಹುಡುಕತೊಡಗಿದ.